ಬೆನ್ನ ಮೇಲಿನ ನೀಲಿ

ಹೋದ ಭಾನುವಾರ ಅನಿತಾ ಫೋನ್ ಮಾಡಿದ್ದಳು. ಅನಿತಾ ತುಮಕೂರಿನ ಹುಡುಗಿ. ಇಲ್ಲಿಯ ಯೂನಿವರ್ಸಿಟಿಗೆ ಓದಲು ಬಂದು, ಓದು ಮುಗಿಸಿ ಇಲ್ಲೇ ಉಳಿದು, ಈಗ ಐದು ವಾರದ ಹೆಣ್ಣುಮಗುವಿನ ತಾಯಿ. ಮುಂದಿನ ವಾರ ಮಗುವಿನ ಆರು ವಾರದ ಚೆಕಪ್ ಇದೆಯಂತೆ. ಏನೇನು ಮಾಡುತ್ತಾರೆ, ಏನೇನು ತೆಗೆದುಕೊಂಡು ಹೋಗಬೇಕು, ಮಗು ತುಂಬ ಅಳುತ್ತದಾ, ಜೊತೆಗೆ ನಾನೂ ಅತ್ತರೆ ಏನಾದರೂ ಅಂದುಕೊಳ್ಳುತ್ತಾರಾ ಎಂದೆಲ್ಲ ಕೇಳಿದಳು. ಪರದೇಶದ ಈ ಪಾಮರ್ಸ್ಟನ್ ನಾರ್ತ್ ಊರಿನಲ್ಲಿ ಕನ್ನಡ ಮಾತಾಡುವ ಮನೆಗಳನ್ನು ಬೆರಳಲ್ಲಿ ಎಣಿಸಬಹುದಾಗಿದ್ದ ಕಾಲಕ್ಕೇ ನಾನು ಹೆತ್ತು ಮುಗಿಸಿದ್ದರಿಂದ ಈ ವಿಷಯದಲ್ಲಿ ನನಗೆ ಹಿರಿತನ ಕೊಟ್ಟುಬಿಟ್ಟಿದ್ದಾರೆ. ಹೆತ್ತದ್ದು ಒಂದೇ ಒಂದು, ಅದೂ ಏಳು ವರ್ಷದ ಹಿಂದೆ. ಆದರೂ ಕೇಳಿದವರಿಗೆಲ್ಲ ಹತ್ತು ಹೆತ್ತವಳ ಗತ್ತಿನಲ್ಲಿ ಉತ್ತರ ಹೇಳುತ್ತೇನೆ.

ಅನಿತಾಳಿಗೂ ಹೇಳಿದೆ. ಬೇಗ ಬಿಚ್ಚಲು ಬರುವ ಬಟ್ಟೆ ಹಾಕು, ಬೆನ್ನಿಗೆ ಹತ್ತು ಗುಂಡಿ ಇರುವ ಚಂದದ ಫ್ರಾಕು ಬೇಡ. ತೂಕಕ್ಕೆ ಹಾಕುವಾಗ ಡೈಪರ್ ಕೂಡ ಬಿಚ್ಚುತ್ತಾರೆ, ಆಗಲೇ ಮಗು ತನ್ನ ಕೆಲಸ ಮುಗಿಸುತ್ತದೆ, ಅದಕ್ಕೆ ನೀನು ಸಾರಿ ಸಾರಿ ಎನ್ನುತ್ತ ನಿಲ್ಲಬೇಡ, ಅವರು ದಿನಕ್ಕೆ ಹತ್ತು ನೋಡುತ್ತಾರೆ. ತಲೆಗೆ ಟೇಪು ಸುತ್ತಿ ಅಳೆಯುತ್ತಾರೆ. ಕಾಲು ಎಳೆದು ಉದ್ದ ನೋಡುತ್ತಾರೆ. ಡಾಕ್ಟರು ಎರಡೂ ಮಂಡಿ ಮಡಿಸಿ ತೊಡೆಯನ್ನು ಕಪ್ಪೆಯ ಹಾಗೆ ಅಗಲಿಸುತ್ತಾರೆ, ಅದು ಸೊಂಟದ ಕೀಲು ಸರಿಯಾಗಿ ಕೂತಿದೆಯೇ ಎಂದು ನೋಡಲು, ನೀನು ಕಣ್ಣು ಮುಚ್ಚಿಕೊಳ್ಳುವುದು ಬೇಡ. ಕಣ್ಣಿಗೆ ಬೆಳಕು ಬಿಡುತ್ತಾರೆ, ಎದೆ ಬಡಿತ ಕೇಳುತ್ತಾರೆ. ನಗುತ್ತಾಳಾ, ಸದ್ದಿಗೆ ಬೆಚ್ಚುತ್ತಾಳಾ ಎಂದು ಕೇಳುತ್ತಾರೆ. ಕೊನೆಗೆ ತೊಡೆಗೆ ಇಂಜೆಕ್ಷನ್. ನಿನ್ನ ಮನಸ್ಸು ಹೇಗಿದೆ ಎಂದೂ ಕೇಳುತ್ತಾರೆ. ಫೈನ್ ಅನ್ನಬೇಡ, ಹೇಗಿದೆಯೋ ಹಾಗೆ ಹೇಳು.

ಇಷ್ಟನ್ನೂ ಬಾಯಿಪಾಠದ ಹಾಗೆ ಒಪ್ಪಿಸಿದವಳು ಬೆನ್ನಿನ ವಿಷಯಕ್ಕೆ ಬಂದಾಗ ತಡವರಿಸಿದೆ. ಬೆನ್ನ ಮೇಲೆ ನೀಲಿ ಗುರುತು ಇದ್ದರೆ ಕೇಳುತ್ತಾರೆ, ಗಾಬರಿಯಾಗಬೇಡ ಎಂದಷ್ಟೇ ಹೇಳಿ, ಒಲೆಯ ಮೇಲೆ ಏನೋ ಇದೆ ಎಂದು ಫೋನ್ ಇಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ.

ಆಮೇಲೆ ಪಾಸ್‌ಪೋರ್ಟುಗಳಿರುವ ಡ್ರಾಯರ್ ತೆಗೆದು ನನ್ನ ಮಗನ ಪುಸ್ತಕ ಹುಡುಕಿದೆ. ಇಲ್ಲಿ ಹುಟ್ಟುವ ಪ್ರತಿ ಮಗುವಿಗೂ ಒಂದು ಆರೋಗ್ಯದ ಪುಸ್ತಕ ಕೊಡುತ್ತಾರೆ. ಹುಟ್ಟಿದಾಗಿನ ತೂಕದಿಂದ ಹಿಡಿದು ಶಾಲೆಗೆ ಸೇರುವತನಕ ನರ್ಸುಗಳು ಅದರಲ್ಲಿ ಬರೆಯುತ್ತಾರೆ. ನಾನು ಪುಸ್ತಕ ಬಿಡಿಸಿದ್ದೇ ತಡ, ಮಗ ತನ್ಮಯ ಬಂದು ಭುಜಕ್ಕೆ ಆತುಕೊಂಡ. ತನ್ನ ತೂಕದ ಗೆರೆ ಪುಟದ ಮೇಲೆ ಏರುತ್ತ ಹೋದದ್ದು ನೋಡಿ ಅವನಿಗೆ ತಾನೇ ಬೆಟ್ಟ ಹತ್ತಿದಷ್ಟು ಹೆಮ್ಮೆ. ಅವನಿಗೆ ನಾವು ಆಡುವ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆರು ವಾರದ ಪುಟದಲ್ಲಿ ನರ್ಸ್ ದುಂಡಗೆ ಬರೆದ ಸಾಲನ್ನು ಬೆರಳಿಟ್ಟು ಓದಿದ. ಕೆಳಬೆನ್ನಿನಲ್ಲಿ, ಕುಂಡಿಯ ಮೇಲೆ, ಎಡಭುಜದಲ್ಲಿ ನೀಲಿ ಗುರುತುಗಳು, ಹುಟ್ಟಿನಿಂದ ಬಂದವು, ಪೆಟ್ಟಲ್ಲ ಎಂದು ಬರೆದಿತ್ತು. ಓದಿದವನೇ ಅಂಗಿ ಎತ್ತಿಕೊಂಡು ಕನ್ನಡಿಗೆ ಬೆನ್ನು ತಿರುಗಿಸಿ ಕತ್ತು ತಿರುಚಿ ನೋಡಿದ. ಏನೂ ಇರಲಿಲ್ಲ. ಮೂರು ತುಂಬುವಷ್ಟರಲ್ಲೇ ಮಾಸಿಹೋಗಿದ್ದವು. ಅವನು ನಿರಾಸೆಯಿಂದ ಆಡಲು ಹೋದ. ನಾನು ಆ ಪುಟ ಬಿಟ್ಟು ಏಳಲಾರದೆ ಕೂತೆ.

ಆ ಪುಟದಲ್ಲಿ ನನ್ನ ಅಮ್ಮನ ಹೆಸರಿಲ್ಲ. ಆದರೆ ನನಗೆ ಅದು ಅಮ್ಮನ ಪುಟ.

ಅಮ್ಮನ ವಿಷಯ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು, ಬೇಜಾರು ಮಾಡಿಕೊಳ್ಳಬೇಡಿ. ಅಪ್ಪ ರೈಲ್ವೆಯಲ್ಲಿ ಗೂಡ್ಸ್ ಗಾರ್ಡ್ ಆಗಿದ್ದರು. ನಾನು ಬೆಳೆದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಗೋಡೆಗೆ ಗೋಡೆ ತಾಗಿದ ಸಾಲು ಮನೆಗಳು, ಯಾರ ಮನೆಯಲ್ಲಿ ಒಗ್ಗರಣೆ ಹಾಕಿದರೂ ಎಲ್ಲರಿಗೂ ಸೀನು. ಆ ಸಾಲಿನಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ನೀರು ಹಾಕಲು ಅಮ್ಮನಿಗೇ ಕರೆ. ಪಾಯಿಂಟ್ಸ್‌ಮನ್ ರಂಗಪ್ಪನವರ ಮನೆಯ ಅವಳಿಗಳಿರಲಿ, ಡ್ರೈವರ್ ಖಾದರ್ ಸಾಹೇಬರ ಮೊಮ್ಮಗಳಿರಲಿ, ಎಲ್ಲವೂ ಅಮ್ಮನ ಕಾಲ ಮೇಲೆ ಮಿಂದವೇ. ರೈಲ್ವೆ ಆಸ್ಪತ್ರೆಯ ನರ್ಸ್ ಸಿಸಿಲಿಯಾ ಊರಿಗೆಲ್ಲ ಬುದ್ಧಿ ಹೇಳುವವರು, ತಮ್ಮ ಮಗುವನ್ನು ಮಾತ್ರ ತಂದು ಅಮ್ಮನ ಕೈಗೆ ಕೊಟ್ಟು ಪಕ್ಕದಲ್ಲಿ ಮಣೆ ಹಾಕಿ ಕೂತಿದ್ದರು. ಅಮ್ಮ ಇದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಪಾರ್ವತಮ್ಮನ ಕೈಗುಣ ಎಂದು ಯಾರಾದರೂ ಅಂದರೆ ಸಾಕು, ಆ ದಿನವೆಲ್ಲ ಅವಳ ಮುಖ ನೋಡಬೇಕಿತ್ತು.

ಟವೆಲು ಹಿಡಿದು ನಿಲ್ಲುವ ಕೆಲಸ ನನ್ನದು. ಅಮ್ಮ ಬಚ್ಚಲಲ್ಲಿ ಕಾಲು ನೀಡಿ ಕೂತು, ಎರಡು ಕಾಲಿನ ಸಂದಿಯಲ್ಲಿ ಮಗುವನ್ನು ಬೋರಲು ಹಾಕಿಕೊಂಡು, ಬೆಚ್ಚಗಿನ ಹರಳೆಣ್ಣೆಯನ್ನು ಬೆನ್ನಿಗೆ ಸುರಿದು ತಿಕ್ಕುತ್ತಿದ್ದಳು. ಹಂಡೆಯ ಕೆಳಗೆ ಕಲ್ಲಿದ್ದಲು ಉರಿಯುತ್ತಿತ್ತು. ಕೈಯೊಂದನ್ನು ಹಿಂದಕ್ಕೆ, ಕಾಲೊಂದನ್ನು ಮುಂದಕ್ಕೆ ತಂದು ಮೂಲೆಗೆ ಮೂಲೆ ಕೂಡಿಸುತ್ತಿದ್ದಳು. ಮೂಗಿನ ಗಿಣ್ಣು ಎಳೆಯುತ್ತಿದ್ದಳು. ನೀರು ಎಷ್ಟು ಬಿಸಿಯೆಂದರೆ ನಾನು ಬೆರಳಿಡಲಾರೆ. ಮಗು ಮೊದಲು ಕಿರುಚಿ, ಆಮೇಲೆ ನರಳಿ, ಆಮೇಲೆ ಸುಮ್ಮನಾಗಿ, ಸಾಂಬ್ರಾಣಿ ಹೊಗೆ ಹಾಕುವಷ್ಟರಲ್ಲಿ ನಿದ್ದೆ ಹೋಗಿರುತ್ತಿತ್ತು. ಗೂಡ್ಸ್ ಗಾಡಿ ಮನೆಯ ಹಿಂದೆಯೇ ಕೂಗಿಕೊಂಡು ಹೋದರೂ ಏಳುತ್ತಿರಲಿಲ್ಲ.

ಇಂಥ ಅಮ್ಮನ ಮಗಳಾಗಿ ನಾನು ಕಲಿತದ್ದು ಹಾಲಿನ ಪುಡಿ ಅಳೆಯುವುದನ್ನು. ಇಲ್ಲಿಗೆ ಬಂದು ಓದಿದ್ದೂ ಅದನ್ನೇ, ಸೇರಿದ ಕೆಲಸವೂ ಅದೇ. ಹಾಲಿನ ಪುಡಿಯ ಕಾರ್ಖಾನೆಯ ಲ್ಯಾಬಿನಲ್ಲಿ ತೇವ ಎಷ್ಟು, ಕೊಬ್ಬು ಎಷ್ಟು ಎಂದು ನೋಡುತ್ತೇನೆ. ಅಳೆಯದ ಯಾವುದನ್ನೂ ನಂಬಬಾರದು ಎಂಬುದು ಆಗ ನನ್ನ ಧರ್ಮವಾಗಿತ್ತು. ಮಗು ಹುಟ್ಟಿದ ಮೇಲಂತೂ ಎಷ್ಟು ನಿಮಿಷ ಕುಡಿದ, ಎಷ್ಟು ಡೈಪರ್ ಒದ್ದೆ ಎಂದು ಗೋಡೆಗೆ ಹಾಳೆ ಅಂಟಿಸಿ ಬರೆಯುತ್ತಿದ್ದೆ. ನನ್ನ ಗಂಡ ಹರೀಶ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಆ ಹಾಳೆ ನೋಡಿ ಅವನೇ ಸಾಕು ಮಾಡು ಎಂದಿದ್ದ.

ಅಮ್ಮ ಬಾಣಂತನಕ್ಕೆಂದು ಬಂದದ್ದು ಏಪ್ರಿಲಿನಲ್ಲಿ. ಅಪ್ಪ ಹೋಗಿ ಆಗ ನಾಲ್ಕು ವರ್ಷವಾಗಿತ್ತು. ನಮ್ಮದು ಬಾಡಿಗೆ ಮನೆ, ಗಾಳಿ ಎಲ್ಲಿಂದ ನುಗ್ಗುತ್ತದೆಂದು ಹೇಳಲಾಗದ ಹಳೆಯ ಮರದ ಮನೆ. ಊರಾಚೆಯ ಗುಡ್ಡದ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳನ್ನು ನೋಡಿ ಅಮ್ಮ, ಇಷ್ಟು ಗಾಳಿ ಸಾಲದು ಅಂತ ಫ್ಯಾನು ಬೇರೆ ಹಾಕವ್ರಾ ಎಂದು ಕೇಳಿದಳು. ಅವಳನ್ನು ನಗಿಸಲು ಹೋಗಿ ನಾವೇ ನಗುತ್ತಿದ್ದೆವು. ಇಲ್ಲಿ ಬಚ್ಚಲಿಲ್ಲ, ಟಬ್ಬು. ಅಮ್ಮ ಒಂದು ದಿನ ಅದನ್ನು ಸುತ್ತಲೂ ನೋಡಿ, ಮಾರನೆಯ ದಿನ ಸೀರೆ ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಟಬ್ಬಿನೊಳಗೇ ಕಾಲು ನೀಡಿ ಕೂತು ಮಗು ಕೊಡು ಎಂದಳು. ಅಂದಿನಿಂದ ಬೆಳಗ್ಗೆ ಹತ್ತು ಗಂಟೆಗೆ ಮಗು ಅವಳ ಕಾಲ ಮೇಲೆ, ನಾನು ಹೊದ್ದು ಮಲಗಿ ನಿದ್ದೆ. ಮಗು ಮಿಂದು ಮೂರು ಗಂಟೆ ಮಲಗುತ್ತಿತ್ತು. ನನ್ನ ಗೋಡೆಯ ಹಾಳೆಯಲ್ಲಿ ಆ ಮೂರು ಗಂಟೆಗಳನ್ನು ಹೆಮ್ಮೆಯಿಂದ ತುಂಬುತ್ತಿದ್ದೆ, ಯಾರಿಂದ ಬಂದದ್ದೆಂದು ಬರೆಯಲಿಲ್ಲ.

ಜೂನಿನಲ್ಲಿ ಆರು ವಾರದ ಚೆಕಪ್ ಬಂತು. ಹರೀಶನಿಗೆ ಪರೀಕ್ಷೆಯ ದಿನಗಳು, ರಜೆ ಸಿಗಲಿಲ್ಲ. ನಾನು, ಅಮ್ಮ, ತಳ್ಳುಗಾಡಿಯಲ್ಲಿ ತನ್ಮಯ, ಮೂವರೂ ನಡೆದೇ ಹೋದೆವು. ಅಮ್ಮ ಮದುವೆಮನೆಗೆ ಹೊರಟವಳ ಹಾಗೆ ಮೈಸೂರು ಸಿಲ್ಕ್ ಉಟ್ಟು, ಅದರ ಮೇಲೆ ಹರೀಶನ ಜಾಕೆಟ್ ತೊಟ್ಟಿದ್ದಳು. ದಾರಿಯುದ್ದಕ್ಕೂ ಗಾಡಿ ತಳ್ಳಿದವಳು ಅವಳೇ. ಕ್ಲಿನಿಕ್ಕಿನಲ್ಲಿ ನರ್ಸ್ ಬಂದು ತನ್ನ ಹೆಸರು ಹೆಲೆನ್ ಎಂದು ಅಮ್ಮನ ಕೈ ಕುಲುಕಿದಳು. ದೊಡ್ಡ ನರ್ಸಮ್ಮ ಹೀಗೆ ಬರೀ ಹೆಸರು ಹೇಳಿದ್ದು ಅಮ್ಮನಿಗೆ ಮುಜುಗರವಾಗಿ, ಸಿಸ್ಟರ್ ಎಂದೇ ಕರೆದಳು.

ಹೆಲೆನ್ ಮಗುವಿನ ಬಟ್ಟೆ ಬಿಚ್ಚಿ ತೂಕ ನೋಡಿದಳು. ತೂಕ ಚೆನ್ನಾಗಿ ಏರಿತ್ತು. ಆಮೇಲೆ ಅವನನ್ನು ಅಂಗೈ ಮೇಲೆ ಮಗುಚಿ ಬೆನ್ನು ನೋಡಿದಳು. ನಮ್ಮ ಮನೆಯ ಮಬ್ಬಿನಲ್ಲಿ, ಹೀಟರಿನ ಮುಂದೆ ಪರದೆ ಎಳೆದುಕೊಂಡು, ನಿದ್ದೆಗಣ್ಣಲ್ಲಿ ಡೈಪರ್ ಬದಲಿಸುತ್ತಿದ್ದ ನನಗೆ ಅದು ನೆರಳಿನ ಹಾಗೆ ಕಂಡಿರಬೇಕು. ಆ ಬಿಳಿ ದೀಪದ ಕೆಳಗೆ ಸ್ಪಷ್ಟವಾಗಿ ನೀಲಿ. ಸೊಂಟದ ಕೆಳಗೆ ಅಂಗೈ ಅಗಲ, ಎಡಭುಜದ ಮೇಲೆ ಹೆಬ್ಬೆರಳು ಒತ್ತಿದಷ್ಟು. ಹೆಲೆನ್ ತಲೆ ಎತ್ತದೆ, ಈ ಗುರುತುಗಳು ಯಾವಾಗಿನಿಂದ ಇವೆ ಎಂದು ಕೇಳಿದಳು.

ಅರಸೀಕೆರೆಯ ಬಚ್ಚಲು, ಅಮ್ಮನ ಹೆಬ್ಬೆರಳು, ತಿಕ್ಕುವ ರಭಸ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಅಮ್ಮ ನನ್ನ ಪಕ್ಕದಲ್ಲೇ ಟವೆಲು ಹಿಡಿದು ನಿಂತಿದ್ದಳು. ಒಂದು ಸಲ ಅವಳ ಕಡೆ ತಿರುಗಿ, ಅಮ್ಮ ಇದೇನು ಎಂದು ಕೇಳಿದ್ದರೆ ಸಾಕಿತ್ತು. ನಾನು ಕೇಳಲಿಲ್ಲ. ಇಂಗ್ಲಿಷಿನಲ್ಲಿ ನರ್ಸಿಗೆ ಹೇಳಿದೆ: "ಸ್ನಾನ ಮಾಡಿಸೋದು ನಾನಲ್ಲ, ನಮ್ಮಮ್ಮ. ತುಂಬ ಜೋರಾಗಿ ತಿಕ್ಕುತ್ತಾರೆ. ಮೆತ್ತಗೆ ಮಾಡಿ ಅಂತ ಎಷ್ಟೋ ಸಲ ಹೇಳಿದೀನಿ."

ಎಷ್ಟೋ ಸಲವಲ್ಲ, ಒಂದು ಸಲವೂ ಹೇಳಿರಲಿಲ್ಲ. ಇನ್ನೊಂದು ನಿಮಿಷ ತಿಕ್ಕಮ್ಮ, ಚೆನ್ನಾಗಿ ಮಲಗ್ತಾನೆ ಎಂದು ಹಾಸಿಗೆಯಿಂದಲೇ ಕೂಗಿ ಹೇಳಿದ್ದವಳು ನಾನು. ಸುಳ್ಳು ಅಷ್ಟು ಸಲೀಸಾಗಿ ನಾಲಿಗೆಗೆ ಬಂದದ್ದು ಎಲ್ಲಿಂದ ಎಂದು ಈಗಲೂ ಯೋಚಿಸುತ್ತೇನೆ. ಕೆಟ್ಟ ತಾಯಿ ಎಂದು ಪುಸ್ತಕದಲ್ಲಿ ಬರೆದುಬಿಡುತ್ತಾರೆಂಬ ಭಯ ಇರಬೇಕು. ಬೇರೊಬ್ಬ ತಾಯಿಯನ್ನು ಮುಂದೆ ತಳ್ಳಿ ನಾನು ಹಿಂದೆ ನಿಂತೆ.

ಹೆಲೆನ್ ಒಳ್ಳೆಯ ಹೆಂಗಸು. ಅವಳು ನನ್ನನ್ನು ಬಿಟ್ಟು ಅಮ್ಮನ ಮುಖ ನೋಡಿದಳು. ಇವು ಪೆಟ್ಟಿನ ಗುರುತಲ್ಲ, ಹುಟ್ಟಿನಿಂದಲೇ ಇರುವಂಥವು, ಕಂದುಬಣ್ಣದ ಮಕ್ಕಳಲ್ಲಿ ಬಹಳ ಸಾಮಾನ್ಯ, ಇಲ್ಲಿಯ ಮೂಲನಿವಾಸಿ ಮಾವೊರಿ ಮಕ್ಕಳಲ್ಲೂ ದಿನಾ ನೋಡುತ್ತೇನೆ, ತಾವಾಗಿ ಮಾಸುತ್ತವೆ ಎಂದಳು. ಮುಂದೆ ಯಾರಾದರೂ ನೋಡಿ ತಪ್ಪು ತಿಳಿಯಬಾರದೆಂದು ಈಗಲೇ ಬರೆದಿಡುತ್ತೇನೆ, ಅದಕ್ಕೇ ಕೇಳಿದೆ ಎಂದು ಬರೆಯತೊಡಗಿದಳು. ಅಮ್ಮನಿಗೆ ನಿಧಾನವಾಗಿ, ನೀವು ಮಗುವನ್ನು ತುಂಬ ಚೆನ್ನಾಗಿ ನೋಡಿಕೊಂಡಿದ್ದೀರಿ ಎಂದಳು. ಅಮ್ಮ ಥ್ಯಾಂಕ್ಯೂ ಸಿಸ್ಟರ್ ಎಂದು ನಕ್ಕಳು. ಅಮ್ಮನಿಗೆ ಇಂಗ್ಲಿಷ್ ಮಾತಾಡಲು ಬಾರದು. ಆದರೆ ರೈಲ್ವೆ ಕ್ವಾರ್ಟರ್ಸಿನಲ್ಲಿ ಮೂವತ್ತು ವರ್ಷ ಇದ್ದವಳಿಗೆ ಮದರ್, ಬಾತ್, ಹಾರ್ಡ್ ಇಷ್ಟೂ ತಿಳಿಯದೇ ಇರುತ್ತದೆಯೇ. ತಿಳಿಯದಿದ್ದರೂ ನನ್ನ ಕೈ ಅವಳ ಕಡೆ ತೋರಿಸಿದ್ದನ್ನು ಅವಳು ನೋಡಿದ್ದಳು.

ಆಮೇಲೆ ಡಾಕ್ಟರು ಬಂದರು, ಸೊಂಟ ನೋಡಿದರು, ಎದೆ ಕೇಳಿದರು, ಎಲ್ಲ ಸರಿಯಿದೆ ಎಂದರು. ಇಂಜೆಕ್ಷನ್ ಚುಚ್ಚಿದಾಗ ಮಗು ಉಸಿರು ಕಟ್ಟಿ ಅತ್ತಿತು. ನಾನೂ ಅತ್ತೆ. ನರ್ಸ್ ಟಿಶ್ಯೂ ಕೊಟ್ಟು, ಮನಸ್ಸು ಹೇಗಿದೆ ಎಂದು ಕೇಳಿದಳು. ಫೈನ್ ಎಂದೆ.

ಹಿಂದಿರುಗುವಾಗ ಗಾಡಿ ತಳ್ಳಿದವಳು ನಾನು. ಎದುರುಗಾಳಿ. ಮೂಲೆಯ ಅಂಗಡಿಯ ತಿರುವು ದಾಟಿದೆವು. ನಾನೇ ಶುರುಮಾಡಿ, ನರ್ಸ್ ಹೇಳಿದ್ದನ್ನೆಲ್ಲ ಕನ್ನಡದಲ್ಲಿ ವಿವರಿಸಿದೆ. ನಾನು ಹೇಳಿದ್ದನ್ನು ಬಿಟ್ಟೆ. ಅಮ್ಮ ಬಗ್ಗಿ ಮಗುವಿನ ಹೊದಿಕೆ ಸರಿಮಾಡಿ ಹೇಳಿದಳು: "ನಿಂಗೂ ಇತ್ತು ಕಣೆ. ಇದಕ್ಕಿಂತ ದೊಡ್ಡದು. ನನ್ನ ಕೇಳಿದ್ರೆ ನಾನೇ ಹೇಳ್ತಿದ್ನಲ್ಲ."

ಅಷ್ಟೇ. ಮನೆಗೆ ಬಂದು ಮೆಣಸಿನ ಸಾರು ಮಾಡಿ ನನಗೆ ಬಿಸಿಬಿಸಿ ಅನ್ನ ಬಡಿಸಿದಳು.

ಮಾರನೆಯ ದಿನ ಇಂಜೆಕ್ಷನ್ನಿನ ಜ್ವರ ಎಂದು ಸ್ನಾನ ಇರಲಿಲ್ಲ. ಅದರ ಮಾರನೆಯ ದಿನ ಹತ್ತು ಗಂಟೆಗೆ ಬಚ್ಚಲಮನೆಗೆ ಹೋದರೆ ಎಣ್ಣೆ ಬೆಚ್ಚಗಾಗಿತ್ತು, ನೀರು ಹದವಾಗಿತ್ತು, ಟವೆಲು ಹೀಟರಿನ ಮೇಲಿತ್ತು, ಅಮ್ಮ ಮಾತ್ರ ಟಬ್ಬಿನ ಹೊರಗೆ ನಿಂತಿದ್ದಳು. ಸೊಂಟ ಹಿಡಿದಿದೆ, ಇನ್ನು ನೀನೇ ಹಾಕು, ನಾನು ಹೇಳಿಕೊಡುತ್ತೇನೆ ಎಂದಳು. ಅದೇ ಸೊಂಟದಲ್ಲಿ ಅವಳು ಆ ಮಧ್ಯಾಹ್ನ ಮನೆಯೆಲ್ಲ ಒರೆಸಿದಳು, ಹಿತ್ತಲಿನ ಒದ್ದೆ ಬಟ್ಟೆಯ ಬುಟ್ಟಿ ಎತ್ತಿ ತಂದಳು. ನನಗೆ ಅರ್ಥವಾಯಿತು. ಅರ್ಥವಾದದ್ದಕ್ಕೆ ನಾಚಿಕೆಯಾಗುವ ಬದಲು ಸಿಟ್ಟು ಬಂತು. ಇಷ್ಟಕ್ಕೆಲ್ಲ ಮುನಿಸೇ, ನಾಲ್ಕು ದಿನ ಬಿಟ್ಟು ಸರಿಹೋಗುತ್ತಾಳೆ ಎಂದುಕೊಂಡೆ.

ಸರಿಹೋಗಲಿಲ್ಲ. ಅವಳು ಮುನಿಸಿಕೊಂಡವಳ ಹಾಗೆ ಇರಲೂ ಇಲ್ಲ. ಮಗುವನ್ನು ಎತ್ತಿ ಆಡಿಸುತ್ತಿದ್ದಳು, ತೊಡೆಯ ಮೇಲೆ ಮಲಗಿಸಿಕೊಂಡು ಗಾಡಿ ಹೊರಡುವ ಸದ್ದು ಮಾಡಿ ನಗಿಸುತ್ತಿದ್ದಳು. ಎಣ್ಣೆ, ನೀರು ಮಾತ್ರ ಇಲ್ಲ. ದಿನಾ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಕೈ ಎರಡೂ ಮಡಿಲಲ್ಲಿಟ್ಟು, ಕತ್ತಿನ ಕೆಳಗೆ ಕೈ ಕೊಡು, ಕಿವಿಗೆ ನೀರು ಹೋಗದ ಹಾಗೆ ನೋಡಿಕೋ ಎನ್ನುತ್ತಿದ್ದಳು. ನನ್ನ ಕೈಯಲ್ಲಿ ಮಗು ಒದ್ದೆ ಸೋಪಿನ ಹಾಗೆ ಜಾರುತ್ತಿತ್ತು. ಸ್ನಾನವಾದ ಮೇಲೆ ಮೂರು ಗಂಟೆಯಲ್ಲ, ಮುಕ್ಕಾಲು ಗಂಟೆ ಮಲಗಿದರೆ ಹೆಚ್ಚು. ಹಾಳೆಯಲ್ಲಿ ಅದನ್ನು ಬರೆಯಲು ಮನಸ್ಸಾಗದೆ ಹಾಳೆಯನ್ನೇ ಕಿತ್ತುಹಾಕಿದೆ. ಅಮ್ಮ, ತಪ್ಪಾಯಿತು ಎನ್ನಬೇಕೆಂದು ಎಷ್ಟು ಸಲ ಅಡಿಗೆಮನೆಯ ಬಾಗಿಲವರೆಗೆ ಹೋದೆನೋ. ಹೋಗಿ, ಉಪ್ಪಿನಕಾಯಿ ಇದೆಯಾ ಎಂದು ಕೇಳಿ ಬಂದೆ. ನಮ್ಮ ಮನೆಗಳಲ್ಲಿ ಮಕ್ಕಳು ತಾಯಿಯ ಹತ್ತಿರ ಕ್ಷಮೆ ಕೇಳುವ ರೂಢಿ ಇಲ್ಲ. ಊಟ ಕೇಳಿದರೆ ಅದೇ ರಾಜಿ. ಆ ರೂಢಿಯ ಹಿಂದೆ ಮೂರು ತಿಂಗಳು ಅಡಗಿಕೊಂಡೆ.

ಅಮ್ಮ ಈಗಿಲ್ಲ. ಇಲ್ಲಿಂದ ಹೋದ ಎರಡನೆಯ ವರ್ಷ ನಾಲ್ಕೇ ದಿನದ ಜ್ವರಕ್ಕೆ ಹೋದಳು, ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೊಮ್ಮಗನನ್ನು ಅವಳು ಆಮೇಲೆ ನೋಡಿದ್ದು ಪರದೆಯ ಮೇಲೆ ಮಾತ್ರ. ಆದ್ದರಿಂದ ಈಗ ಹೇಳುವ ಆ ಕೊನೆಯ ಬೆಳಗು ನನಗೆ ತುಂಬ ಮುಖ್ಯ, ಅದರ ಒಂದೊಂದು ಮಾತೂ ನೆನಪಿದೆ.

ಸೆಪ್ಟೆಂಬರ್ ಕೊನೆ. ಮಾರನೆಯ ದಿನ ಅವಳ ವಿಮಾನ. ಸೂಟ್‌ಕೇಸು ನಡುಮನೆಯಲ್ಲಿ ನಿಂತಿತ್ತು. ಹತ್ತು ಗಂಟೆಗೆ ಎಂದಿನ ಹಾಗೆ ಎಣ್ಣೆ ಬೆಚ್ಚಗಿತ್ತು. ನಾನು ಬಟ್ಟೆ ಬಿಚ್ಚಿದ ಮಗುವನ್ನು ಎತ್ತಿಕೊಂಡು ಹೋಗಿ ಅವಳ ಮುಂದೆ ಹಿಡಿದೆ.

"ಅಮ್ಮ, ಇವತ್ತೊಂದಿನ ನೀನು ಹಾಕು."

"ಬೇಡ ಕಣೆ. ನೀನೇ ಹಾಕು."

"ಇನ್ನೂ ಕೋಪನಾ ನನ್ ಮೇಲೆ?"

ಅಮ್ಮನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ನೀರು ನೋಡುತ್ತಿದ್ದವಳು ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ನಿನ್ ಮೇಲೆ ಯಾಕೆ ಕೋಪ? ಆವತ್ತು ಆಯಮ್ಮ ಪುಸ್ತಕದಲ್ಲಿ ಬರ್ಕೊಂಡ್ಲಲ್ಲ. ರೈಲ್ವೇಲಿ ಯಾರೋ ನಿಮ್ಮಪ್ಪನ ಮೇಲೆ ರಿಜಿಸ್ಟರಲ್ಲಿ ಒಂದು ಸಾಲು ಬರೆದಿದ್ದಕ್ಕೆ ಎಂಟು ತಿಂಗಳು ಎನ್ಕ್ವೈರಿ ನಡೀಲಿಲ್ವಾ? ಫಾರಿನ್ನಲ್ಲಿ ಮಗು ಮೈಮೇಲೆ ಗುರುತು ಕಂಡ್ರೆ ಮಗೂನೇ ಕರ್ಕೊಂಡು ಹೋಗ್ತಾರಂತೆ. ನನ್ನ ಕೈ ಒರಟು. ನಾಳೆ ನಿಜವಾಗ್ಲೂ ಒಂದು ಗುರುತು ಬಿದ್ರೆ ನಾನು ಅರಸೀಕೆರೇಲಿರ್ತೀನಿ. ಇಲ್ಲಿ ನಿಂತು ಉತ್ತರ ಹೇಳೋಳು ನೀನು."

ಮೂರು ತಿಂಗಳು ನಾನು ಮುನಿಸು ಎಂದುಕೊಂಡದ್ದು ಇದು. ಅವಳು ನನ್ನ ಮಾತಿಗೆ ನೊಂದು ಕೈ ಹಿಂದೆಗೆದಿರಲಿಲ್ಲ. ನನ್ನ ಮಾತನ್ನು ನಂಬಿದ್ದಳು. ಅಷ್ಟು ಮಕ್ಕಳನ್ನು ಮೀಯಿಸಿದ ಕೈ ಒರಟು ಎಂದು, ತನ್ನ ಕೈಯಿಂದಲೇ ಮಗಳ ಮನೆಗೆ ಕೇಡು ಬಂದೀತು ಎಂದು ನಂಬಿ, ದಿನಾ ಬಾಗಿಲಲ್ಲಿ ಕೂತಿದ್ದಳು.

ನನಗೆ ಅಳು ತಡೆಯಲಾಗಲಿಲ್ಲ. ಯಾರೂ ಕರೆದುಕೊಂಡು ಹೋಗುವುದಿಲ್ಲ, ಆ ನರ್ಸ್ ಬರೆದದ್ದು ನಮ್ಮ ಒಳ್ಳೆಯದಕ್ಕೇ ಎಂದೆ. ಆಮೇಲೆ ಹೇಳಬೇಕಾದದ್ದನ್ನು ಹೇಳಿದೆ. "ಅಮ್ಮ, ಆವತ್ತು ನಾನು ಸುಳ್ಳು ಹೇಳ್ದೆ. ಮೆತ್ತಗೆ ತಿಕ್ಕು ಅಂತ ನಿಂಗೆ ನಾನು ಯಾವತ್ತೂ ಹೇಳಿರ್ಲಿಲ್ಲ. ನಿನ್ನ ಕೈ ಒರಟಲ್ಲ. ತಪ್ಪಾಯ್ತು ಕಣಮ್ಮ."

ಅಮ್ಮ ಸೆರಗಿನಿಂದ ನನ್ನ ಮುಖ ಒರೆಸಿದಳು. "ಹೆದ್ರಿಕೇಲಿ ಯಾರಾದ್ರೂ ಹಂಗೇ ಹೇಳ್ತಾರೆ ಬಿಡು. ಹಾಲು ಕುಡಿಸೋಳು ಅಳಬಾರದು. ನೀರು ಆರೋಗತ್ತೆ, ಕೂತ್ಕೊ."

ನಾನು ಟಬ್ಬಿನೊಳಗೆ ಕಾಲು ನೀಡಿ ಕೂತೆ. ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡೆ. ಎಣ್ಣೆ ಹಚ್ಚಿ ತಿಕ್ಕಿದೆ, ಅವಳು ಹೇಳಿಕೊಟ್ಟ ಹಾಗೆ ಮೂಲೆಗೆ ಮೂಲೆ ಕೂಡಿಸಿದೆ. ನೀನು ಮುಟ್ಟಮ್ಮ, ಒಂದೇ ಸಲ ಎಂದು ಮತ್ತೆ ಕೇಳಿದೆ. ಅಮ್ಮ ನಕ್ಕು, ನೀರು ಹಾಕ್ತೀನಿ ತಗೋ ಎಂದು ಚೊಂಬು ತೆಗೆದುಕೊಂಡಳು. ಟಬ್ಬಿನ ಅಂಚಿಗೆ ಮಂಡಿಯೂರಿ, ಹದವಾದ ನೀರನ್ನು ಅವನ ಬೆನ್ನಿನ ಮೇಲೆ, ಆ ನೀಲಿಯ ಮೇಲೆ ಸಣ್ಣಗೆ ಸುರಿದಳು. ಮಗು ಸುಖಕ್ಕೆ ಕೈ ಆಡಿಸಿ ಅವಳ ಬಳೆ ಹಿಡಿಯಲು ಹೋಯಿತು. ಅಮ್ಮ ಚೊಂಬನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಹಿಡಿದು, ತನ್ನ ಕೈ ಅವನಿಗೆ ತಾಗದಂತೆ ನೀರು ಹಾಕುತ್ತಲೇ ಇದ್ದಳು.